ಚಿನ್ನ ತಪ್ಪಿದ್ದು ಎಲ್ಲಿ? 1.31 ಅಂಕದ ಲೆಕ್ಕ

ಹೋದ ವರ್ಷ ಬೇರೊಂದು ಕಾಲೇಜಿನ ಟೆಕ್ ಫೆಸ್ಟ್‌ಗೆ ನಾವು ನಾಲ್ವರು ಒಂದು ಪ್ರಾಜೆಕ್ಟ್ ಒಯ್ದಿದ್ದೆವು. ಮಣ್ಣಿನ ತೇವ ಅಳೆದು ಹನಿ ನೀರಾವರಿಯ ವಾಲ್ವನ್ನು ತಾನೇ ತೆರೆದು ಮುಚ್ಚುವ ಸಾಧನ. ಮೂರು ತಿಂಗಳ ಕೆಲಸ. ತೀರ್ಪುಗಾರರ ಕಣ್ಣೆದುರೇ ನೀರು ಹರಿಯಿತು, ನಿಂತಿತು. ಆದರೆ ಮೊದಲ ಬಹುಮಾನ ಒಂದು ಮೊಬೈಲ್ ಆ್ಯಪ್‌ಗೆ ಹೋಯಿತು. ಆ ಆ್ಯಪ್ ಇನ್ನೂ ಪೂರ್ತಿ ಆಗಿರಲೂ ಇಲ್ಲ, ಸ್ಲೈಡ್‌ಗಳಲ್ಲಿ ಮಾತ್ರ ಚೆಂದವಾಗಿತ್ತು. ನಮಗೆ ಎರಡನೇ ಸ್ಥಾನ. ಎರಡೇ ಎರಡು ಅಂಕದ ವ್ಯತ್ಯಾಸ ಅಂದರು. ಆ ರಾತ್ರಿ ನಾನು ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದೆ: ‘ಬಹುಮಾನ ಅವರದ್ದು, ಕೆಲಸ ನಮ್ಮದು.’

ಹಾಸ್ಟೆಲ್‌ನ ನನ್ನ ರೂಂಮೇಟ್ ಅದನ್ನು ನೋಡಿ ನಕ್ಕ. ‘ನೀನು ಥೇಟ್ ಪ್ಲಶೆಂಕೊ ಕಣೋ’ ಅಂದ. ಅವನು ‘ಯುರಿ ಆನ್ ಐಸ್’ ಎಂಬ ಜಪಾನಿ ಅನಿಮೆ ನೋಡಿ ಫಿಗರ್ ಸ್ಕೇಟಿಂಗ್‌ನ ಹುಚ್ಚು ಹಿಡಿಸಿಕೊಂಡವನು. ನನಗೋ ಮಂಜುಗಡ್ಡೆ ಎಂದರೆ ಕಬ್ಬಿನ ಹಾಲಿನ ಅಂಗಡಿಯಲ್ಲಿ ನೋಡಿದ್ದಷ್ಟೇ. ಪ್ಲಶೆಂಕೊ ಯಾರು ಎಂದು ತಿಳಿಯಲು ಅವನ ಲ್ಯಾಪ್‌ಟಾಪ್ ಮುಂದೆ ಕುಳಿತೆ. ಬೆಳಗಿನ ಜಾವ ಮೂರು ಗಂಟೆಗೆ ಏಳುವಾಗ ನನ್ನ ಕೈಯಲ್ಲಿ ಒಂದು ಅಂಕಪಟ್ಟಿ ಇತ್ತು. 2026ರ ಫೆಬ್ರುವರಿಯಲ್ಲಿ ಇಟಲಿಯ ಮಿಲಾನ್–ಕೊರ್ಟಿನಾ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ಇಂಥ ಕೂಟಗಳಲ್ಲಿ ಪುರುಷರ ಸ್ಪರ್ಧೆ ಮುಗಿದ ಮೇಲೆ ಇದೇ ಬಗೆಯ ಜಗಳ ಮತ್ತೆ ಏಳುವ ಸಾಧ್ಯತೆ ಇದ್ದೇ ಇರುತ್ತದೆ. ಅದಕ್ಕೇ ಈ ಹಳೆಯ ಲೆಕ್ಕವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ವ್ಯಾಂಕೂವರ್, 2010

ರಷ್ಯಾದ ಎವ್ಗೆನಿ ಪ್ಲಶೆಂಕೊ 2006ರ ಟ್ಯೂರಿನ್ ಒಲಿಂಪಿಕ್ಸ್‌ನ ಚಿನ್ನದ ವಿಜೇತ. ಆ ಬಳಿಕ ಸ್ಪರ್ಧೆಗಳಿಂದ ದೂರ ಉಳಿದಿದ್ದವರು 2010ರ ಕೂಟಕ್ಕಾಗಿ ಮರಳಿ ಬಂದರು. ಎದುರಿಗಿದ್ದವರು ಅಮೆರಿಕದ ಇವಾನ್ ಲೈಸಾಚೆಕ್, 2009ರ ವಿಶ್ವ ಚಾಂಪಿಯನ್. ಇಬ್ಬರ ನಡುವಿನ ದೊಡ್ಡ ವ್ಯತ್ಯಾಸ ಒಂದೇ. ಪ್ಲಶೆಂಕೊ ‘ಕ್ವಾಡ್’ ಹಾರುತ್ತಿದ್ದರು, ಅಂದರೆ ಗಾಳಿಯಲ್ಲಿ ನಾಲ್ಕು ಸುತ್ತು ತಿರುಗಿ ಒಂದೇ ಕಾಲಿನ ಮೇಲೆ ಇಳಿಯುವ ಜಿಗಿತ. ಲೈಸಾಚೆಕ್ ವ್ಯಾಂಕೂವರ್‌ನಲ್ಲಿ ಒಂದೂ ಕ್ವಾಡ್ ಮಾಡಲಿಲ್ಲ.

ಸ್ಪರ್ಧೆ ಎರಡು ಭಾಗಗಳಲ್ಲಿ ನಡೆಯುತ್ತದೆ. ಚಿಕ್ಕದಾದ ಶಾರ್ಟ್ ಪ್ರೋಗ್ರಾಂನಲ್ಲಿ ಪ್ಲಶೆಂಕೊ 90.85, ಲೈಸಾಚೆಕ್ 90.30. ದೀರ್ಘವಾದ ಫ್ರೀ ಸ್ಕೇಟ್‌ನಲ್ಲಿ ಲೈಸಾಚೆಕ್ 167.37, ಪ್ಲಶೆಂಕೊ 165.51. ಒಟ್ಟು 257.67 ಮತ್ತು 256.36. ಚಿನ್ನಕ್ಕೂ ಬೆಳ್ಳಿಗೂ ನಡುವೆ 1.31 ಅಂಕ.

ಪ್ಲಶೆಂಕೊ ಸಿಟ್ಟಾದರು. ಕ್ವಾಡ್ ಮಾಡದವರು ಒಲಿಂಪಿಕ್ಸ್ ಗೆಲ್ಲುವುದಾದರೆ ಅದು ಪುರುಷರ ಸ್ಕೇಟಿಂಗ್ ಅಲ್ಲ, ಬರೀ ನೃತ್ಯ ಎಂಬರ್ಥದ ಮಾತಾಡಿದರು. ಪದಕ ಪ್ರದಾನಕ್ಕೆ ಬರುವಾಗ ಚಿನ್ನದವರು ನಿಲ್ಲುವ ಮೆಟ್ಟಿಲ ಮೇಲೊಮ್ಮೆ ಕಾಲಿಟ್ಟೇ ತಮ್ಮ ಮೆಟ್ಟಿಲಿಗೆ ಇಳಿದರು. ಅವರ ವೆಬ್‌ಸೈಟಿನಲ್ಲಿ ‘ಪ್ಲಾಟಿನಂ ಪದಕ’ ಗೆದ್ದವರೆಂಬ ಸಾಲು ಕಾಣಿಸಿಕೊಂಡಿತು. ಅದು ನನ್ನ ಸ್ಟೇಟಸ್‌ನ ದೊಡ್ಡಣ್ಣ!

ಪಟ್ಟಿ ಹೇಳುವುದೇನು?

ಓಟದಲ್ಲಿ ಗಡಿಯಾರ ಇದೆ, ಕ್ರಿಕೆಟ್‌ನಲ್ಲಿ ಡಿಆರ್‌ಎಸ್ ಇದೆ. ಸ್ಕೇಟಿಂಗ್‌ನಲ್ಲಿ ಇರುವುದು ಮನುಷ್ಯರ ಕಣ್ಣು. ಆ ಕಣ್ಣಿಗೆ ಒಂದು ಶಿಸ್ತು ತರಲು ಅಂಕವನ್ನು ಮೂರು ಭಾಗ ಮಾಡಿದ್ದಾರೆ. ಮೊದಲನೆಯದು ಮೂಲ ಅಂಕ. ಪ್ರತಿ ಜಿಗಿತ, ಪ್ರತಿ ಗಿರಕಿಗೂ ಇಷ್ಟು ಎಂದು ಮೊದಲೇ ನಿಗದಿಯಾದ ಬೆಲೆ. ಎರಡನೆಯದು ಗುಣಮಟ್ಟದ ಅಂಕ. ಅದೇ ಜಿಗಿತವನ್ನು ಎಷ್ಟು ನೀಟಾಗಿ ಮಾಡಿದರು ಎಂದು ನೋಡಿ ಕೂಡಿಸುವುದು ಅಥವಾ ಕಳೆಯುವುದು. ಮೂರನೆಯದು ಕಾಂಪೊನೆಂಟ್ ಅಂಕ. ಸಂಗೀತಕ್ಕೆ ಹೊಂದಿಕೆ, ಸಂಯೋಜನೆ, ಹಿಮದ ಮೇಲಿನ ಹಿಡಿತ ಇತ್ಯಾದಿಗೆ ಒಟ್ಟಾರೆ ಕೊಡುವುದು.

ಈಗ ಆ ರಾತ್ರಿಯ ಫ್ರೀ ಸ್ಕೇಟ್ ಅಂಕಪಟ್ಟಿ ನೋಡಿ. ಮೂಲ ಅಂಕ: ಪ್ಲಶೆಂಕೊ 75.03, ಲೈಸಾಚೆಕ್ 74.93. ಕ್ವಾಡ್ ಮಾಡಿದವರಿಗೂ ಮಾಡದವರಿಗೂ ಇದ್ದ ವ್ಯತ್ಯಾಸ ಕೇವಲ 0.10! ಗುಣಮಟ್ಟದ ಅಂಕ: ಲೈಸಾಚೆಕ್ 9.64, ಪ್ಲಶೆಂಕೊ 7.68. ಕಾಂಪೊನೆಂಟ್: ಇಬ್ಬರಿಗೂ ಸರಿಸಮ 82.80.

ಈ ಕೊನೆಯ ಸಂಖ್ಯೆಯ ಮುಂದೆ ನಾನು ತುಂಬ ಹೊತ್ತು ಕುಳಿತೆ. ಕಲೆಯ ಹೆಸರಿನಲ್ಲಿ ಅಮೆರಿಕದವನಿಗೆ ಅಂಕ ಸುರಿದರು ಎಂಬುದು ಸೋತವರ ಕಡೆಯ ದೂರು ಎಂದುಕೊಂಡಿದ್ದೆ. ಆದರೆ ಕಲೆಯ ಕಾಲಂನಲ್ಲಿ ಇಬ್ಬರಿಗೂ ಒಂದೇ ಅಂಕ. ಇನ್ನೊಂದು ಬದಿಯಿಂದ ನೋಡಿದರೆ ದೂರು ತಿರುವುಮುರುವಾಗಬಹುದು. ಪ್ಲಶೆಂಕೊ ಅವರ ಜಿಗಿತಗಳ ನಡುವೆ ಪಾದದ ಕೆಲಸ ಕಡಿಮೆ ಎಂಬುದು ಕೂಟಕ್ಕೆ ಮೊದಲೇ ಚರ್ಚೆಯಲ್ಲಿತ್ತು. ಅಮೆರಿಕದ ತೀರ್ಪುಗಾರರೊಬ್ಬರು ಈ ಬಗ್ಗೆ ಹಲವರಿಗೆ ಇಮೇಲ್ ಬರೆದು ವಿವಾದವೂ ಆಗಿತ್ತು. ಹಾಗಿದ್ದರೂ ಕಾಂಪೊನೆಂಟ್‌ನಲ್ಲಿ ಅವರು ಒಂದಿಷ್ಟೂ ಹಿಂದೆ ಬೀಳಲಿಲ್ಲ. ‘ಅನ್ಯಾಯವಾಯಿತು’ ಎನ್ನುವವರು ತಮಗೆ ಅನುಕೂಲವಾದ ಸಾಲನ್ನು ಓದುವುದೇ ಇಲ್ಲ. ನಾನೂ ನನ್ನ ಸ್ಪರ್ಧೆಯಲ್ಲಿ ಓದಿರಲಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಶೇ 10ರ ಮಹಿಮೆ

ಹಾಗಾದರೆ ಕ್ವಾಡ್‌ನ ಲಾಭ ಎಲ್ಲಿ ಸೋರಿ ಹೋಯಿತು? ಆಗಿನ ನಿಯಮದಂತೆ ಫ್ರೀ ಸ್ಕೇಟ್‌ನ ದ್ವಿತೀಯಾರ್ಧದಲ್ಲಿ ಮಾಡಿದ ಪ್ರತಿ ಜಿಗಿತಕ್ಕೆ ಮೂಲ ಅಂಕದ ಮೇಲೆ ಶೇ 10ರಷ್ಟು ಹೆಚ್ಚುವರಿ ಸಿಗುತ್ತಿತ್ತು. ನಾಲ್ಕೂವರೆ ನಿಮಿಷದ ಪ್ರದರ್ಶನ. ಕೊನೆ ಕೊನೆಗೆ ಕಾಲು ಸೋತಿರುತ್ತದೆ, ಆಗ ಹಾರುವುದು ಕಷ್ಟ ಎಂಬುದು ಇದರ ಹಿಂದಿನ ತರ್ಕ.

ಇಬ್ಬರಿಗೂ ಎಂಟೆಂಟು ಜಿಗಿತದ ಅವಕಾಶ. ಪ್ಲಶೆಂಕೊ ಐದನ್ನು ಮೊದಲರ್ಧದಲ್ಲೇ ಮುಗಿಸಿ ಮೂರನ್ನು ಉಳಿಸಿಕೊಂಡರು. ಲೈಸಾಚೆಕ್ ಮೂರನ್ನು ಮೊದಲು ಮಾಡಿ ಐದನ್ನು ಕೊನೆಗೆ ಇಟ್ಟರು. ಆಗ ಕ್ವಾಡ್ ಟೋ ಲೂಪ್‌ನ ಬೆಲೆ 9.8. ಮೂರೂವರೆ ಸುತ್ತಿನ ಟ್ರಿಪಲ್ ಆಕ್ಸೆಲ್‌ಗೆ 8.2. ಅದೇ ಆಕ್ಸೆಲ್ ದ್ವಿತೀಯಾರ್ಧಕ್ಕೆ ಹೋದರೆ 9.02. ಕ್ವಾಡ್‌ನ 1.6 ಅಂಕದ ಮುನ್ನಡೆ ಅಲ್ಲಿಗೆ 0.78ಕ್ಕೆ ಇಳಿಯಿತು.

ಎಂಜಿನಿಯರಿಂಗ್ ವಿದ್ಯಾರ್ಥಿಯ ಚಟ, ಪೆನ್ನು ಹಿಡಿದು ಇನ್ನೂ ಒಂದು ಲೆಕ್ಕ ಹಾಕಿದೆ. ಪ್ಲಶೆಂಕೊ ಮೊದಲರ್ಧದಲ್ಲಿ ಮಾಡಿದ ಟ್ರಿಪಲ್ ಆಕ್ಸೆಲ್–ಡಬಲ್ ಟೋ ಜೋಡಿಯ ಬೆಲೆ 9.5, ಟ್ರಿಪಲ್ ಲಟ್ಜ್‌ನ ಬೆಲೆ 6.0. ಇವೆರಡನ್ನು ನಡುಗೆರೆಯ ಆಚೆಗೆ ಸರಿಸಿದ್ದರೆ 0.95 ಮತ್ತು 0.60, ಒಟ್ಟು 1.55 ಅಂಕ ಹೆಚ್ಚು ಬರುತ್ತಿತ್ತು. ಸೋತದ್ದು 1.31ಕ್ಕೆ! ದಣಿದ ಕಾಲಿನಲ್ಲಿ ಅಷ್ಟೇ ಚೆನ್ನಾಗಿ ಇಳಿಯುತ್ತಿದ್ದರೇ ಎಂಬುದು ಬೇರೆ ಪ್ರಶ್ನೆ. ಆದರೆ ಹೊಸದಾಗಿ ಒಂದೂ ಜಿಗಿತ ಕಲಿಯದೆ, ಇದ್ದದ್ದರ ಕ್ರಮ ಬದಲಿಸಿ ಚಿನ್ನಕ್ಕೆ ಕೈ ಹಾಕುವ ದಾರಿ ಕಾಗದದ ಮೇಲೆ ಇತ್ತು.

ವಿಡಿಯೊ ನೋಡಿದರೆ ಗುಣಮಟ್ಟದ ಅಂಕದ ಗುಟ್ಟೂ ಸ್ವಲ್ಪ ಅರ್ಥವಾಗುತ್ತದೆ. ಪ್ಲಶೆಂಕೊ ಗಾಳಿಯಲ್ಲಿ ಕೆಲವೊಮ್ಮೆ ವಾಲಿದ್ದಾರೆ, ಬೀಳಬೇಕಾದಲ್ಲಿ ಬೀಳದೆ ಕಾಲಿನ ಬಲದಿಂದ ನಿಂತಿದ್ದಾರೆ. ನನ್ನಂಥವನಿಗೆ ಆ ನಿಲ್ಲುವುದೇ ರೋಮಾಂಚನ. ಲೈಸಾಚೆಕ್ ಅವರಲ್ಲಿ ಅಂಥ ಗಾಬರಿಯ ಕ್ಷಣಗಳೇ ಕಡಿಮೆ. ಒಂದಾದ ಮೇಲೊಂದು ಇಳಿಯುತ್ತಾರೆ, ಗಿರಕಿ ಹೊಡೆಯುತ್ತಾರೆ, ಮುಂದೆ ಹೋಗುತ್ತಾರೆ. ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತೂ ಪ್ರಶ್ನೆಗೆ ದುಂಡಗೆ ಉತ್ತರ ಬರೆದ ಹುಡುಗನ ಹಾಗೆ. ಅಂಥವರನ್ನು ನಾವು ಮೆಚ್ಚುವುದು ಕಡಿಮೆ, ಅಂಕ ಮಾತ್ರ ಅವರಿಗೇ ಹೆಚ್ಚು.

ನಿಯಮ ದೇವರು ಬರೆದದ್ದಲ್ಲ

‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂದು ಇಲ್ಲಿಗೆ ಮುಗಿಸಿಬಿಡಬಹುದಿತ್ತು. ಆದರೆ ಪ್ಲಶೆಂಕೊ ಕುಣಿಯಲಾರದವರಲ್ಲ. ಮತ್ತು ನೆಲ ಕೊಂಚ ಡೊಂಕಾಗಿತ್ತು ಎಂಬುದನ್ನು ನೆಲ ಹಾಸಿದವರೇ ಒಂದು ರೀತಿಯಲ್ಲಿ ಒಪ್ಪಿಕೊಂಡರು. 2010–11ರ ಋತುವಿನಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಕ್ವಾಡ್ ಟೋ ಲೂಪ್‌ನ ಬೆಲೆಯನ್ನು 9.8ರಿಂದ 10.3ಕ್ಕೆ ಏರಿಸಿತು. ಅಪಾಯಕ್ಕೆ ತಕ್ಕ ಬೆಲೆ ಇಲ್ಲದಿದ್ದರೆ ಯಾರೂ ಅಪಾಯಕ್ಕೆ ಇಳಿಯುವುದಿಲ್ಲವಲ್ಲ!

ಇದರ ಫಲ ಎಂಟು ವರ್ಷದ ಬಳಿಕ ದಕ್ಷಿಣ ಕೊರಿಯಾದ ಪಿಯಾಂಗ್‌ಚಾಂಗ್‌ನಲ್ಲಿ ಕಂಡಿತು. ಅಮೆರಿಕದ ನೇಥನ್ ಚೆನ್ 2018ರ ಫ್ರೀ ಸ್ಕೇಟ್‌ನಲ್ಲಿ ಆರು ಕ್ವಾಡ್‌ಗಳಿಗೆ ಕೈ ಹಾಕಿ 215.08 ಅಂಕ ಗಳಿಸಿದರು. ಅಂದಿನ ಅತಿ ಹೆಚ್ಚಿನ ಅಂಕ ಅದೇ. ಆದರೆ ಚಿನ್ನ ಗೆದ್ದದ್ದು ಆ ದಿನ 206.17 ಗಳಿಸಿದ ಜಪಾನಿನ ಯುಜುರು ಹನ್ಯು. ಚೆನ್‌ಗೆ ಐದನೇ ಸ್ಥಾನ. ಯಾಕೆಂದರೆ ಹಿಂದಿನ ದಿನದ ಶಾರ್ಟ್ ಪ್ರೋಗ್ರಾಂನಲ್ಲಿ ಹನ್ಯು 111.68 ಗಳಿಸಿದ್ದರು. ಚೆನ್ ಮೂರೂ ಜಿಗಿತಗಳಲ್ಲಿ ಎಡವಿ 82.27ಕ್ಕೆ, 17ನೇ ಸ್ಥಾನಕ್ಕೆ ಕುಸಿದಿದ್ದರು. ಎರಡನೇ ದಿನ ಎಷ್ಟೇ ಹಾರಿದರೂ ಮೊದಲ ದಿನದ ಅಂಕ ಅಳಿಸಿಹೋಗುವುದಿಲ್ಲ. ಪಾದದ ಗಾಯದಿಂದ ತಿಂಗಳುಗಟ್ಟಲೆ ಸ್ಪರ್ಧಿಸದೆ ನೇರ ಒಲಿಂಪಿಕ್ಸ್‌ಗೆ ಬಂದಿದ್ದ ಹನ್ಯು, 1952ರ ನಂತರ ಸತತ ಎರಡು ಚಿನ್ನ ಗೆದ್ದ ಮೊದಲ ಪುರುಷ ಸ್ಕೇಟರ್ ಆದರು.

ಅವರಿಬ್ಬರ ಫ್ರೀ ಸ್ಕೇಟ್ ಪಟ್ಟಿಯನ್ನೂ ಬಿಡಿಸಿ ನೋಡಿದೆ. ತಾಂತ್ರಿಕ ಅಂಕ: ಚೆನ್ 127.64, ಹನ್ಯು 109.55. ಕಾಂಪೊನೆಂಟ್: ಹನ್ಯು 96.62, ಚೆನ್ 87.44. ಕಲೆಯ ಕಾಲಂನಲ್ಲಿ 9.18ರ ಅಂತರ. ಹನ್ಯು ಹಿಮದ ಮೇಲೆ ಸಾಗುವುದನ್ನು ನೋಡಿದವರು ಈ ಅಂತರವನ್ನು ಒಪ್ಪುತ್ತಾರೆ. ಜಿಗಿತಕ್ಕೆ ಮೊದಲು ಓಡಿ ತಯಾರಾಗುವುದು ಕಾಣುವುದೇ ಇಲ್ಲ. ಒಂದು ತಿರುವಿನಿಂದ ಹಾಗೇ ಮೇಲೆದ್ದು, ಇಳಿದ ಕಾಲಿನಲ್ಲೇ ಮುಂದಿನ ಹೆಜ್ಜೆ. ಆದರೂ ಒಂದು ಅನುಮಾನ ಉಳಿಯುತ್ತದೆ. ಕಾಂಪೊನೆಂಟ್ ಅಂಕವನ್ನು ಕೊಡುವಾಗ ತೀರ್ಪುಗಾರರು ಕಣ್ಣೆದುರಿನ ನಾಲ್ಕು ನಿಮಿಷವನ್ನಷ್ಟೇ ನೋಡುತ್ತಾರೋ, ಆಟಗಾರನ ಹೆಸರು ಮತ್ತು ಹಳೆಯ ಪದಕಗಳನ್ನೂ ನೋಡುತ್ತಾರೋ? ಈ ಟೀಕೆ ಸ್ಕೇಟಿಂಗ್‌ನಲ್ಲಿ ಬಹಳ ಹಳೆಯದು. ಇಂಟರ್ನಲ್ಸ್ ಅಂಕದ ಬಗ್ಗೆ ಹಿಂದಿನ ಬೆಂಚಿನಲ್ಲಿ ನಾವು ಮಾಡುವ ಟೀಕೆಯೂ ಇದೇ ಅಲ್ಲವೇ?

ಹೆಸರು ಮುಚ್ಚಿಟ್ಟರೆ, ತೆರೆದಿಟ್ಟರೆ

ಅನುಮಾನಕ್ಕೆ ಮದ್ದೇನು? ಸ್ಕೇಟಿಂಗ್ ಲೋಕ ಎರಡು ಮದ್ದುಗಳನ್ನು ಪ್ರಯೋಗಿಸಿದೆ, ಎರಡೂ ಒಂದಕ್ಕೊಂದು ವಿರುದ್ಧ.

ಮೊದಲು ಆರಕ್ಕೆ ಆರು ಎಂಬ ಹಳೆಯ ಪದ್ಧತಿ ಇತ್ತು. 1988ರಲ್ಲಿ ಕ್ಯಾಲ್ಗರಿಯಲ್ಲಿ ಅಮೆರಿಕದ ಬ್ರಯಾನ್ ಬೊಯ್ಟಾನೊ, ಕೆನಡಾದ ಬ್ರಯಾನ್ ಓರ್ಸರ್ ಅವರನ್ನು ಸೋಲಿಸಿದ್ದು ಒಂಬತ್ತು ತೀರ್ಪುಗಾರರಲ್ಲಿ ಐದಕ್ಕೆ ನಾಲ್ಕರಿಂದ. ಯಾವ ಜಿಗಿತಕ್ಕೆ ಎಷ್ಟು ಎಂದು ಬಿಡಿಸಿ ತೋರಿಸುವ ಪಟ್ಟಿ ಆಗ ಇರಲಿಲ್ಲ. 2002ರ ಸಾಲ್ಟ್ ಲೇಕ್ ಸಿಟಿ ಕೂಟದ ಜೋಡಿ ಸ್ಪರ್ಧೆಯಲ್ಲಿ ಫ್ರಾನ್ಸ್‌ನ ತೀರ್ಪುಗಾರರ ಮೇಲೆ ಒತ್ತಡವಿತ್ತು ಎಂಬ ಹಗರಣ ಸ್ಫೋಟಗೊಂಡು, ಕೊನೆಗೆ ಎರಡು ಜೋಡಿಗಳಿಗೂ ಚಿನ್ನ ಕೊಡಬೇಕಾಯಿತು. ಆಮೇಲೆ ಹುಟ್ಟಿದ್ದೇ ಈಗಿನ ಬಿಡಿ ಬಿಡಿ ಅಂಕದ ವ್ಯವಸ್ಥೆ.

ಅದರ ಜೊತೆಗೆ ಇನ್ನೊಂದು ನಿರ್ಧಾರವೂ ಬಂತು. ಯಾವ ತೀರ್ಪುಗಾರ ಎಷ್ಟು ಅಂಕ ಕೊಟ್ಟರು ಎಂಬುದು ಹೊರಗೆ ಗೊತ್ತಾಗದಂತೆ ಹೆಸರು ಮುಚ್ಚಿಟ್ಟರು. ಯಾರ ಅಂಕ ಎಂದೇ ಗೊತ್ತಾಗದಿದ್ದರೆ ತಮ್ಮ ದೇಶದವರು ಒತ್ತಡ ಹೇರಲಾರರು ಎಂಬ ಲೆಕ್ಕಾಚಾರ. ಕೇಳಲು ಸರಿಯಾಗಿದೆ. ಆದರೆ ಡಾರ್ಟ್‌ಮತ್ ಕಾಲೇಜಿನ ಅರ್ಥಶಾಸ್ತ್ರಜ್ಞ ಎರಿಕ್ ಜಿಟ್ಜೆವಿಟ್ಜ್ ಅಂಕಗಳನ್ನು ವಿಶ್ಲೇಷಿಸಿ ಕಂಡುಕೊಂಡದ್ದು ಬೇರೆ. ಹೆಸರು ಮುಚ್ಚಿದ ಮೇಲೆ ಸ್ವದೇಶಿ ಪಕ್ಷಪಾತ ಕಡಿಮೆಯಾಗಲಿಲ್ಲ, ಬದಲಿಗೆ ತುಸು ಹೆಚ್ಚಿತು. 2010ರ ಆ ಅಂಕಪಟ್ಟಿ ಬಿಡಿಸಿದಾಗಲೂ ನನಗೆ ಕಂಡಿದ್ದು ಅಂಕಗಳ ಸಾಲು ಮಾತ್ರ. ಯಾವ ಅಂಕ ಯಾರದ್ದು ಎಂದು ಹೇಳುವಂತಿಲ್ಲ.

2016ರಲ್ಲಿ ಒಕ್ಕೂಟ ಈ ಗುಟ್ಟಿನ ಪದ್ಧತಿಯನ್ನು ಕೈಬಿಟ್ಟಿತು. ಎರಡೇ ವರ್ಷದಲ್ಲಿ ಅದರ ಪ್ರಯೋಜನ ಕಾಣಿಸಿತು. ಪಿಯಾಂಗ್‌ಚಾಂಗ್‌ನ ಪುರುಷರ ಸ್ಪರ್ಧೆಯಲ್ಲಿ ತಮ್ಮ ದೇಶದ ಸ್ಪರ್ಧಿಗೆ ಹೆಚ್ಚು, ಅವರ ಪ್ರತಿಸ್ಪರ್ಧಿಗಳಿಗೆ ಕಡಿಮೆ ಅಂಕ ಕೊಟ್ಟದ್ದಕ್ಕಾಗಿ ಚೀನಾದ ತೀರ್ಪುಗಾರರೊಬ್ಬರನ್ನು ಎರಡು ವರ್ಷ ಅಮಾನತು ಮಾಡಲಾಯಿತು, 2022ರ ಬೀಜಿಂಗ್ ಒಲಿಂಪಿಕ್ಸ್‌ನಿಂದಲೂ ದೂರ ಇಡಲಾಯಿತು. ಹೆಸರಿನ ಎದುರು ಅಂಕ ಇದ್ದುದರಿಂದಲೇ ಯಾರು ಬೇಕಾದರೂ ಅದನ್ನು ಉಳಿದ ಎಂಟು ಮಂದಿಯ ಅಂಕದ ಪಕ್ಕ ಇಟ್ಟು ನೋಡುವುದು ಸಾಧ್ಯವಾಯಿತು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೀ ಉತ್ತರ ಪ್ರಕಟವಾಗಲಿ ಎಂದು, ಒಎಂಆರ್ ಹಾಳೆಯ ಪ್ರತಿ ಕೈಗೆ ಸಿಗಲಿ ಎಂದು ನಾವು ಹಟ ಹಿಡಿಯುವುದು ಪಾಸಾಗುವ ಆಸೆಯಿಂದ ಮಾತ್ರವಲ್ಲ. ಫೇಲಾದರೆ ಎಲ್ಲಿ ಫೇಲಾದೆ ಎಂದು ತಿಳಿಯುವ ಹಕ್ಕಿಗಾಗಿ.

ನಾಲ್ಕು ಅಂಕದ ಇತಿಹಾಸ

ಅಂಕಪಟ್ಟಿ ಎಷ್ಟೇ ತೆರೆದಿದ್ದರೂ ಅದಕ್ಕೆ ಸಿಗದ ಸಂಗತಿಗಳೂ ಇವೆ. 2022ರ ಬೀಜಿಂಗ್‌ನಲ್ಲಿ ನೇಥನ್ ಚೆನ್ 332.60 ಅಂಕಗಳೊಂದಿಗೆ ಚಿನ್ನ ಗೆದ್ದು ಹಳೆಯ ಬಾಕಿ ತೀರಿಸಿಕೊಂಡರು. ಹನ್ಯುಗೆ ಶಾರ್ಟ್ ಪ್ರೋಗ್ರಾಂನಲ್ಲೇ ಪೆಟ್ಟು ಬಿತ್ತು. ಹಾರುವ ಹೊತ್ತಿಗೆ ಸ್ಕೇಟ್‌ನ ಅಲಗು ಹಿಮದಲ್ಲಿದ್ದ ಗುಳಿಗೆ ಸಿಕ್ಕಿ ಕ್ವಾಡ್ ಬರೀ ಒಂದು ಸುತ್ತಾಯಿತು. ಇಲ್ಲಿ ನೆಲ ನಿಜಕ್ಕೂ ಡೊಂಕಾಗಿತ್ತು! ಆದರೆ ಅದಕ್ಕೆ ಮರುಪರೀಕ್ಷೆ ಇಲ್ಲ. ಎಂಟನೇ ಸ್ಥಾನ.

ಫ್ರೀ ಸ್ಕೇಟ್‌ನಲ್ಲಿ ಅವರು ಪದಕದ ಲೆಕ್ಕವನ್ನೇ ಪಕ್ಕಕ್ಕಿಟ್ಟಂತೆ ನಾಲ್ಕೂವರೆ ಸುತ್ತಿನ ಕ್ವಾಡ್ ಆಕ್ಸೆಲ್‌ಗೆ ಕೈ ಹಾಕಿದರು. ಆವರೆಗೆ ಸ್ಪರ್ಧೆಯಲ್ಲಿ ಯಾರೂ ಅದನ್ನು ಪೂರೈಸಿರಲಿಲ್ಲ. ಸುತ್ತು ಕೊಂಚ ಕಡಿಮೆಯಾಯಿತು, ಇಳಿಯುವಾಗ ಬಿದ್ದರು. ಅಂಕದ ಭಾಷೆಯಲ್ಲಿ ಹೇಳುವುದಾದರೆ, 12.50 ಮೂಲ ಬೆಲೆ ಸುತ್ತು ಕಡಿಮೆಯಾದದ್ದಕ್ಕೆ 10ಕ್ಕೆ ಇಳಿದು, ಗುಣಮಟ್ಟಕ್ಕೆ 5 ಕಳೆದು, ಬಿದ್ದದ್ದಕ್ಕೆ ಮತ್ತೊಂದು ಹೋಗಿ ಉಳಿದದ್ದು ನಾಲ್ಕು. ಅವರಿಗೆ ಸಲೀಸಾದ ಟ್ರಿಪಲ್ ಆಕ್ಸೆಲ್ ಮಾಡಿದ್ದರೆ ಮೂಲ ಅಂಕವೇ ಎಂಟು. ಆದರೂ ಇದು ಕ್ವಾಡ್ ಆಕ್ಸೆಲ್ ಎಂದು ಒಲಿಂಪಿಕ್ಸ್‌ನ ಪಟ್ಟಿಯಲ್ಲಿ ಮೊದಲ ಬಾರಿಗೆ ಬರೆಯಿಸಿಕೊಂಡ ಜಿಗಿತ ಅದು. ಹನ್ಯುಗೆ ನಾಲ್ಕನೇ ಸ್ಥಾನ.

ಏಳು ತಿಂಗಳ ಬಳಿಕ, 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ 17 ವರ್ಷದ ಇಲಿಯಾ ಮಾಲಿನಿನ್ ಆ ಜಿಗಿತವನ್ನು ಪೂರ್ತಿಗೊಳಿಸಿದರು. ವಿಚಿತ್ರವೆಂದರೆ 2018ರಲ್ಲಿ ನಿಯಮ ಬದಲಾಗಿ ಕ್ವಾಡ್ ಆಕ್ಸೆಲ್‌ನ ಬೆಲೆ 15ರಿಂದ 12.5ಕ್ಕೆ ಇಳಿದಿತ್ತು. ಅದರ ಕೆಳಗಿನ ಕ್ವಾಡ್ ಲಟ್ಜ್‌ಗೆ 11.5. ಜಗತ್ತಿನಲ್ಲಿ ಬೇರೆ ಯಾರಿಗೂ ದಕ್ಕದ ಜಿಗಿತಕ್ಕೆ ಸಿಗುವ ಹೆಚ್ಚುವರಿ ಒಂದೇ ಅಂಕ!

2024 ಮತ್ತು 2025ರ ವಿಶ್ವ ಚಾಂಪಿಯನ್ ಆಗಿರುವ ಮಾಲಿನಿನ್ 2026ರಲ್ಲಿ ಮಿಲಾನ್‌ಗೆ ಹೋದರು. ನನಗಿಂತ ಒಂದೇ ವರ್ಷ ದೊಡ್ಡವರು. ಎದುರಿಗೆ ಬೀಜಿಂಗ್‌ನ ಬೆಳ್ಳಿ ವಿಜೇತ, ಜಪಾನಿನ ಯುಮಾ ಕಗಿಯಾಮಾ. ಹಿಮದ ಮೇಲೆ ನುಣ್ಣಗೆ ಜಾರುವುದಕ್ಕೆ ಹೆಸರಾದವರು. ಜಿಗಿತವೋ, ಜಾರುವಿಕೆಯೋ ಎಂಬ ಹಳೆಯ ಪ್ರಶ್ನೆಗೆ ಹೊಸ ಮುಖಗಳು. ದ್ವಿತೀಯಾರ್ಧದ ಹೆಚ್ಚುವರಿ ಈಗ ಫ್ರೀ ಸ್ಕೇಟ್‌ನ ಕೊನೆಯ ಮೂರು ಜಿಗಿತಗಳಿಗೆ ಮಾತ್ರ. ಗುಣಮಟ್ಟದ ಅಂಕ ಮೈನಸ್ ಐದರಿಂದ ಪ್ಲಸ್ ಐದರವರೆಗೆ. ಫಲಿತಾಂಶ ಬಂದ ರಾತ್ರಿ ಮೀಮ್ ಹಂಚುವ ಮೊದಲು ಒಮ್ಮೆ ಪಟ್ಟಿ ತೆರೆದು ನೋಡಿ. ಅದು ಎಲ್ಲರಿಗೂ ಸಿಗುತ್ತದೆ.

ನಮ್ಮ ಪಟ್ಟಿ

ನನ್ನ ಕಥೆ ಅರ್ಧಕ್ಕೇ ನಿಂತಿತ್ತು. ಆ ರಾತ್ರಿಯ ಮರುದಿನ ಫೆಸ್ಟ್‌ನ ಹಳೆಯ ಪೋಸ್ಟರನ್ನು ಫೋನ್‌ನಲ್ಲಿ ಹುಡುಕಿ ತೆಗೆದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು: ಕೆಲಸ ಮಾಡುವ ಮಾದರಿಗೆ 30, ವಿಷಯ ಮಂಡನೆಗೆ 40, ವರದಿಗೆ 30. ನಾವು ಮೂರು ತಿಂಗಳನ್ನೂ ಆ 30ಕ್ಕೆ ಸುರಿದಿದ್ದೆವು. ವರದಿಯನ್ನು ಹಿಂದಿನ ರಾತ್ರಿ ಬಸ್ಸಿನಲ್ಲಿ ಕೂತು ಟೈಪ್ ಮಾಡಿದ್ದೆವು. ಐದು ಜಿಗಿತ ಮೊದಲರ್ಧದಲ್ಲೇ ಮುಗಿಸಿದವರು ನಾವು! ಸ್ಟೇಟಸ್ ಅಷ್ಟರಲ್ಲಿ ತಾನೇ ಅಳಿಸಿಹೋಗಿತ್ತು. ಇಲ್ಲದಿದ್ದರೆ ನಾನೇ ಅಳಿಸುತ್ತಿದ್ದೆ.

ಆದರೆ ಒಂದು ದೂರನ್ನು ಇವತ್ತಿಗೂ ವಾಪಸ್ ತೆಗೆದುಕೊಂಡಿಲ್ಲ. ಯಾವ ಭಾಗಕ್ಕೆ ನಮಗೆ ಎಷ್ಟು ಬಂತು ಎಂದು ಅಂದು ಕೇಳಿದಾಗ ‘ಅದನ್ನೆಲ್ಲ ಕೊಡುವುದಿಲ್ಲ’ ಎಂಬ ಉತ್ತರ ಸಿಕ್ಕಿತ್ತು. ನಾವು ಸೋತದ್ದು ನ್ಯಾಯವೇ ಇರಬಹುದು. ಅದನ್ನು ಪರೀಕ್ಷಿಸಿ ನೋಡುವ ದಾರಿ ಮಾತ್ರ ನಮಗಿರಲಿಲ್ಲ. ಪ್ಲಶೆಂಕೊಗೆ ಸಿಟ್ಟು ಬಂದಿತ್ತು, ಆದರೆ 7.68 ಎಂಬ ಸಂಖ್ಯೆಯೂ ಸಿಕ್ಕಿತ್ತು. ನಮಗೆ ಸಿಕ್ಕಿದ್ದು ಸಿಟ್ಟು ಮಾತ್ರ.

ಈ ಸೆಮಿಸ್ಟರ್ ನಮ್ಮ ಕಾಲೇಜಿನಲ್ಲಿ ಜೂನಿಯರ್‌ಗಳ ಪ್ರಾಜೆಕ್ಟ್ ಸ್ಪರ್ಧೆಯ ಉಸ್ತುವಾರಿ ನಮ್ಮ ತಂಡಕ್ಕೆ ಬಂತು. ಎರಡೇ ಕೆಲಸ ಮಾಡಿದೆವು. ಅಂಕದ ಹಂಚಿಕೆಯನ್ನು ಪೋಸ್ಟರಿನ ತಲೆಯ ಮೇಲೇ ದೊಡ್ಡದಾಗಿ ಹಾಕಿದೆವು. ಫಲಿತಾಂಶದ ದಿನ ಪ್ರತಿ ತಂಡಕ್ಕೆ ಯಾವ ತೀರ್ಪುಗಾರರು ಯಾವುದಕ್ಕೆ ಎಷ್ಟು ಕೊಟ್ಟರು ಎಂಬ ಹಾಳೆಯನ್ನು, ತೀರ್ಪುಗಾರರ ಒಪ್ಪಿಗೆ ಪಡೆದು, ಲ್ಯಾಬ್ ಬಾಗಿಲಿಗೆ ಅಂಟಿಸಿದೆವು. ಮೂರನೇ ಸ್ಥಾನ ಬಂದ ಹುಡುಗಿಯೊಬ್ಬಳು ಹಾಳೆಯ ಫೋಟೊ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ‘ಅಣ್ಣಾ, ವರದಿಗೆ ಇಬ್ಬರು ಎಂಟು ಕೊಟ್ಟಿದ್ದಾರೆ, ಒಬ್ಬರು ಮಾತ್ರ ನಾಲ್ಕು. ಯಾಕೆ?’ ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಅವಳನ್ನು ಆ ಮೇಷ್ಟ್ರ ಬಳಿಗೇ ಕರೆದುಕೊಂಡು ಹೋದೆ. ಅವರು ವರದಿ ತೆರೆದು, ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದ ಎರಡು ಸರ್ಕ್ಯೂಟ್ ಚಿತ್ರಗಳನ್ನು ತೋರಿಸಿದರು. ಇಪ್ಪತ್ತು ನಿಮಿಷ ವಾದ ನಡೆಯಿತು. ಅಂಕ ಬದಲಾಗಲಿಲ್ಲ. ಹೊರಗೆ ಬಂದವಳು, ‘ಎರಡನೇ ಚಿತ್ರ ನಿಜಕ್ಕೂ ತಪ್ಪಿತ್ತು ಅಣ್ಣಾ, ಮೊದಲನೆಯದು ನಾನು ಒಪ್ಪಲ್ಲ’ ಅಂದು ಕ್ಯಾಂಟೀನ್ ಕಡೆ ನಡೆದಳು.